ಲಿಂಗತ್ವದ ಪದಗಳ ಬಗ್ಗೆ ಕನ್ನಡದಲ್ಲೇ ಅರ್ಧ ದಿನದ ತರಬೇತಿ: ನಮ್ಮ ಲ್ಯಾಬ್‌ನ ಅನುಭವ

ಕ್ಲಿನಿಕ್, ಲ್ಯಾಬ್, ನರ್ಸಿಂಗ್ ಹೋಮ್ ನಡೆಸುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸಿಬ್ಬಂದಿಗೆ ಲಿಂಗತ್ವ, ಲೈಂಗಿಕತೆಯ ಬಗ್ಗೆ ತರಬೇತಿ ಕೊಡಿಸಬೇಕು ಅಂತಿದ್ದರೆ ಕನ್ನಡದಲ್ಲಿ ಮಾತಾಡುವ, ಆ ಸಮುದಾಯದವರೇ ಇರುವ ತಂಡವನ್ನು ಕರೆಸಿ. ಇಂಗ್ಲಿಷ್ ಸ್ಲೈಡ್ ತೋರಿಸಿ ಕೊನೆಗೆ ಸರ್ಟಿಫಿಕೇಟ್ ಕೊಡುವ ಆನ್‌ಲೈನ್ ಕೋರ್ಸಿಗೆ ದುಡ್ಡು ಹಾಕಬೇಡಿ. ನಾವು ಎರಡನ್ನೂ ನೋಡಿದ್ದೇವೆ, ಎರಡಕ್ಕೂ ಅಜಗಜಾಂತರ.

ನಮ್ಮದು ಹುಬ್ಬಳ್ಳಿಯಲ್ಲಿ ಒಂದು ಡಯಾಗ್ನೋಸ್ಟಿಕ್ ಸೆಂಟರ್. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಕ್ಸ್‌ರೇ ಎಲ್ಲ ಇದೆ. ಸವದತ್ತಿ ಹತ್ತಿರವೇ ಇರುವುದರಿಂದ ಸೀರೆ ಉಟ್ಟು ಯಲ್ಲಮ್ಮನ ಸೇವೆ ಮಾಡುವ ಜೋಗಪ್ಪನವರು ನಮ್ಮಲ್ಲಿಗೆ ಮೊದಲಿಂದಲೂ ಬರುತ್ತಾರೆ. ಈಚೆಗೆ ಹಾರ್ಮೋನ್ ಪರೀಕ್ಷೆಗೆ ಅಂತ ಡಾಕ್ಟರ ಚೀಟಿ ಹಿಡಿದು ಬರುವ ಟ್ರಾನ್ಸ್ ಹುಡುಗ ಹುಡುಗಿಯರೂ ಜಾಸ್ತಿಯಾಗಿದ್ದಾರೆ. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರೂ ತಾನು ಗಂಡು ಅನ್ನುವವರು ಟ್ರಾನ್ಸ್ ಪುರುಷ, ಗಂಡು ಅಂತ ಬರೆಸಿದ್ದರೂ ತಾನು ಹೆಣ್ಣು ಅನ್ನುವವರು ಟ್ರಾನ್ಸ್ ಮಹಿಳೆ. ಕೌಂಟರಿನಲ್ಲಿ ಕೂರುವವರು, ರಕ್ತ ತೆಗೆಯುವವರು, ಸ್ಕ್ಯಾನಿಂಗ್ ರೂಮಿನ ಅಟೆಂಡರ್, ಇವರಿಗೆಲ್ಲ ಯಾರನ್ನು ಹೇಗೆ ಕರೆಯಬೇಕು, ಏನು ಕೇಳಬಹುದು, ಏನು ಕೇಳಬಾರದು ಅಂತ ಒಬ್ಬರು ಕೂರಿಸಿಕೊಂಡು ಹೇಳಬೇಕಿತ್ತು. ಅದಕ್ಕೇ ಈ ತಂಡವನ್ನು ಕರೆಸಿದ್ದು. ಮೂವರು ಬಂದಿದ್ದರು. ಒಬ್ಬರು ಟ್ರಾನ್ಸ್ ಮಹಿಳೆ, ಒಬ್ಬರು ಟ್ರಾನ್ಸ್ ಪುರುಷ, ಇನ್ನೊಬ್ಬರು ಗೇ, ಕೌನ್ಸೆಲಿಂಗ್ ಮಾಡುವವರು. ಸಣ್ಣ ತಂಡ, ಖಾಸಗಿಯಾಗಿಯೇ ಕೆಲಸ ಮಾಡುತ್ತಾರೆ, ಹಾಗಾಗಿ ಹೆಸರು ಇಲ್ಲಿ ಹಾಕುತ್ತಿಲ್ಲ.

ನಾವು ಮೊದಲು ನೋಡಿದ್ದ ಇಂಗ್ಲಿಷ್ ಕೋರ್ಸಿನಲ್ಲಿ ಮುಕ್ಕಾಲು ಪಾಲು ಹೊತ್ತು ಹೋಗಿದ್ದು ಹಿ, ಶಿ, ದೇ ಅನ್ನುವುದರ ಮೇಲೆ. ಅದು ಇಂಗ್ಲಿಷಿನವರ ಕಷ್ಟ. ನಮಗೆ 'ಅವರು' ಇದೆ, 'ಬಂದರು', 'ಹೇಳಿದರು' ಇದೆ. ನಮ್ಮ ಕಡೆಯಂತೂ 'ಬರ್ರಿ, ಕುಂದರ್ರಿ' ಅಂದರೆ ಮುಗೀತು, ಮರ್ಯಾದೆಯೂ ಬಂತು, ಗಂಡೋ ಹೆಣ್ಣೋ ಅನ್ನುವ ಪ್ರಶ್ನೆಯೂ ಬರಲಿಲ್ಲ. ಈ ತಂಡದವರು ಶುರುವಿನಲ್ಲೇ ಇದನ್ನು ಹೇಳಿದರು, ಹೇಳಿ ಮುಂದಕ್ಕೆ ಹೋದರು. ಕನ್ನಡದಲ್ಲಿ ತೊಂದರೆ ಇರುವುದು ಬೇರೆ ಕಡೆ. ಅಣ್ಣಾರ, ಅಕ್ಕಾರ, ಯಜಮಾನ್ರ, ಯವ್ವಾ. ನಾವು ಗುರುತಿಲ್ಲದವರನ್ನೂ ನಂಟು ಹಚ್ಚಿಯೇ ಕರೆಯುವವರು. ಬಾಯಿ ತೆಗೆದ ಮೊದಲ ಶಬ್ದದಲ್ಲೇ ಎದುರಿಗಿರುವವರು ಗಂಡು ಅಥವಾ ಹೆಣ್ಣು ಅಂತ ತೀರ್ಮಾನ ಮಾಡಿಬಿಟ್ಟಿರುತ್ತೇವೆ. ತಪ್ಪು ಕರೆದರೆ ಇಡೀ ವೇಟಿಂಗ್ ಹಾಲ್ ತಿರುಗಿ ನೋಡುತ್ತದೆ.

ಇದಕ್ಕೆ ಅವರು ಮಾಡಿಸಿದ ಅಭ್ಯಾಸ ನನಗೆ ತುಂಬ ಹಿಡಿಸಿತು. ನಮ್ಮದೇ ಕೌಂಟರಿನಲ್ಲಿ ನಮ್ಮ ರಿಸೆಪ್ಷನ್ ಹುಡುಗಿಯನ್ನು ಕೂರಿಸಿ ಆ ಟ್ರಾನ್ಸ್ ಪುರುಷ ಪೇಷಂಟ್ ಆಗಿ ಬಂದು ನಿಂತರು. ಗಡ್ಡ ಇದೆ, ದನಿ ದಪ್ಪ, ಕೈಯಲ್ಲಿರುವ ಚೀಟಿಯಲ್ಲಿ ಹುಡುಗಿಯ ಹೆಸರು. ಅವಳು ಚೀಟಿ ನೋಡಿದಳು, ಮುಖ ನೋಡಿದಳು, ಮತ್ತೆ ಚೀಟಿ ನೋಡಿದಳು. ಕೊನೆಗೆ ತನಗೆ ತಾನೇ ಅನ್ನುವ ಹಾಗೆ, "ಹಂಗಾರ ನಿಮ್ಮನ್ನ ಏನಂತ ಕರೀಬೇಕ್ರಿ?" ಅಂದಳು. ಅವರು, "ಈಗ ಕೇಳಿದ್ರಲ್ಲ, ಅಷ್ಟ ಸಾಕ್ರಿ. ಸಣ್ಣ ದನಿಯಾಗ ಕೇಳ್ರಿ, ಎಲ್ಲಾರಿಗೂ ಕೇಳ್ರಿ" ಅಂದರು. ಎಲ್ಲರಿಗೂ ಅನ್ನುವುದು ಮುಖ್ಯ. ನೋಡಲು ಬೇರೆ ಥರ ಕಂಡವರಿಗೆ ಮಾತ್ರ ಕೇಳಿದರೆ ಅದೇ ಒಂದು ಅವಮಾನ ಅಲ್ವಾ. ಈಗ ನಮ್ಮ ಕೌಂಟರಿನಲ್ಲಿ ಬಂದ ಪ್ರತಿಯೊಬ್ಬರಿಗೂ ಈ ಪ್ರಶ್ನೆ ಇದೆ. ವಯಸ್ಸಾದವರು ಖುಷಿಯಿಂದ ಮನೆಯ ಹೆಸರು ಹೇಳುತ್ತಾರೆ. ಹೊರಗೆ ಕೂಗುವುದು ಟೋಕನ್ ನಂಬರ್ ಮಾತ್ರ.

ಆಮೇಲೆ ಪದಗಳಿಗೆ ಬಂದರು. ಲಿಂಗತ್ವ ಬೇರೆ, ಲೈಂಗಿಕ ಒಲವು ಬೇರೆ. ಒಂದು, ನಾನು ಯಾರು ಅನ್ನುವುದು. ಇನ್ನೊಂದು, ನನ್ನ ಮನಸ್ಸು ಯಾರ ಕಡೆ ಹೋಗುತ್ತದೆ ಅನ್ನುವುದು. ಟ್ರಾನ್ಸ್ ಮಹಿಳೆ ಗಂಡಸನ್ನು ಇಷ್ಟಪಡಬಹುದು, ಹೆಂಗಸನ್ನು ಇಷ್ಟಪಡಬಹುದು, ಯಾರನ್ನೂ ಬಯಸದೆ ಇರಬಹುದು. ಇನ್ನು ಇಂಟರ್‌ಸೆಕ್ಸ್ ಅಂದರೆ ದೇಹದ್ದೇ ಮಾತು. ಹುಟ್ಟುವಾಗಲೇ ಕ್ರೋಮೋಸೋಮ್, ಹಾರ್ಮೋನ್ ಅಥವಾ ಅಂಗಗಳು ಗಂಡು ಹೆಣ್ಣು ಅಂತ ನಾವು ಅಂದುಕೊಂಡ ಲೆಕ್ಕಕ್ಕೆ ಪೂರ್ತಿ ಕೂರದೆ ಇರುವುದು. ಇದನ್ನೂ ಟ್ರಾನ್ಸ್ ಅನ್ನುವುದನ್ನೂ ಒಂದೇ ಮಾಡಿಬಿಡುವ ಅಭ್ಯಾಸ ನಮ್ಮ ಜನಕ್ಕೆ ಮಾತ್ರ ಅಲ್ಲ, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ ಕಾಯ್ದೆಗೂ ಇತ್ತು. ಅದರಲ್ಲಿ ಟ್ರಾನ್ಸ್‌ಜೆಂಡರ್ ಅನ್ನುವ ಒಂದೇ ವಿವರಣೆಯೊಳಗೆ ಇಂಟರ್‌ಸೆಕ್ಸ್, ಹಿಜ್ರಾ, ಕಿನ್ನರ್, ಅರವಾಣಿ, ಜೋಗ್ತಾ ಎಲ್ಲರನ್ನೂ ಸೇರಿಸಿದ್ದರು. ಲ್ಯಾಬ್‌ನವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು, ಯಾಕೆಂದರೆ ಡಾಕ್ಟರ್ ಬರೆಯುವ ಪರೀಕ್ಷೆಗಳೇ ಬೇರೆ ಬೇರೆ.

ಯಾವ ಪದ ಬಳಸಬೇಕು ಅನ್ನುವ ವಿಷಯದಲ್ಲಿ ತಂಡದವರು ನೇರವಾಗಿದ್ದರು. 'ಸಲಿಂಗಕಾಮಿ' ಅನ್ನುವುದು ಪೇಪರಿನಲ್ಲಿ ದಿನಾ ಬರುತ್ತದೆ. ಆದರೆ ಗಂಡ ಹೆಂಡತಿಯನ್ನು ಯಾರೂ ಕಾಮಿ ಅನ್ನುವುದಿಲ್ಲ, ನಮ್ಮನ್ನು ಮಾತ್ರ ಯಾಕೆ ಹಾಗೆ ಕರೀತೀರಿ ಅಂತ ಆ ಕೌನ್ಸೆಲರ್ ಕೇಳಿದಾಗ ಹಾಲ್ ಪೂರ್ತಿ ಸುಮ್ಮನಾಯಿತು. ಗೇ, ಲೆಸ್ಬಿಯನ್ ಅನ್ನಿ, ಇಲ್ಲ ಸಲಿಂಗಪ್ರೇಮಿ ಅನ್ನಿ, ಅವರು ತಮ್ಮನ್ನು ಏನಂತ ಹೇಳಿಕೊಳ್ಳುತ್ತಾರೋ ಅದನ್ನೇ ಅನ್ನಿ ಅಂದರು. 'ನಪುಂಸಕ', 'ಖೋಜಾ', 'ಒಂಬತ್ತು', 'ಚಕ್ಕಾ' ಇವು ಬೈಗುಳ, ತಮಾಷೆಗೂ ಬೇಡ. 'ಮಂಗಳಮುಖಿ' ಕೆಲವರಿಗೆ ಪ್ರೀತಿಯ ಹೆಸರು, ಕೆಲವರಿಗೆ ಬೇಡವೇ ಬೇಡ. 'ತೃತೀಯ ಲಿಂಗಿ' ಅಂದರೆ ಒಂದು ಎರಡು ಆದಮೇಲೆ ಉಳಿದವರು ಅನ್ನುವ ಹಾಗಾಗುತ್ತದೆ ಅಂತ ಆ ಟ್ರಾನ್ಸ್ ಮಹಿಳೆ ಹೇಳಿದರು, ಅವರಿಗೆ 'ಟ್ರಾನ್ಸ್ ಮಹಿಳೆ' ಸರಿ, ಸರ್ಕಾರಿ ಕಾಗದದಲ್ಲಾದರೆ 'ಲಿಂಗತ್ವ ಅಲ್ಪಸಂಖ್ಯಾತರು'. 'ಕೋತಿ' ಅನ್ನುವುದು ಸಮುದಾಯದ ಒಳಗೆ ಅವರವರೇ ಬಳಸುವ ಪದ. ಕನ್ನಡದ ಕಿವಿಗೆ ಅದು ಮಂಗ ಅಂತಲೇ ಕೇಳಿಸುತ್ತದೆ, ಹೊರಗಿನವರು ಅದನ್ನು ಬಾಯಲ್ಲಿ ಆಡಲೇಬಾರದು.

ಜೋಗಪ್ಪನವರ ವಿಷಯಕ್ಕೆ ಅವರು ಕೊಟ್ಟ ಸಮಯಕ್ಕೆ ನಾನು ಕೃತಜ್ಞ. ಬೆಂಗಳೂರಿನಲ್ಲಿ ಕೂತು ತಯಾರು ಮಾಡಿದ ಪಾಠಗಳಲ್ಲಿ ಇದು ಸಿಗುವುದೇ ಇಲ್ಲ. ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಚೌಡಿಕೆ ವಾದ್ಯ ಹಿಡಿದು ಯಲ್ಲಮ್ಮನ ಸೇವೆಗೆ ನಿಂತವರನ್ನು ಸುಮ್ನೆ 'ಟ್ರಾನ್ಸ್‌ಜೆಂಡರ್' ಅಂತ ಚೀಟಿ ಅಂಟಿಸುವ ಹಾಗಿಲ್ಲ. ಕೆಲವರು ಆ ಪದವನ್ನೂ ಒಪ್ಪುತ್ತಾರೆ, ಕೆಲವರಿಗೆ ತಾವು ದೇವಿಯ ಮಕ್ಕಳು, ಅಷ್ಟೇ. ಕೆಲವರು 'ಜೋಗತಿ' ಅಂತಲೇ ಕರೆಯಿರಿ ಅನ್ನುತ್ತಾರೆ. ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ನಮ್ಮ ಸಿಬ್ಬಂದಿಗೆಲ್ಲ ಗೊತ್ತಿತ್ತು. ಟಿವಿಯಲ್ಲಿ ನೋಡಿದಾಗ ಕೊಟ್ಟ ಮರ್ಯಾದೆಯನ್ನೇ ಕೌಂಟರಿಗೆ ಬಂದ ಜೋಗತಿಗೂ ಕೊಡಿ ಅಂದರು ತಂಡದವರು. ನಮ್ಮ ಅಟೆಂಡರ್ ಒಬ್ಬರು ಎದ್ದು, ತಮ್ಮ ಮನೆಗೆ ದೇವಿಯ ಪಡಲಿಗೆ (ಬುಟ್ಟಿ) ಹೊತ್ತು ಬರುವ ಜೋಗಪ್ಪನವರ ಕಾಲಿಗೆ ಮನೆಮಂದಿಯೆಲ್ಲ ಬೀಳುತ್ತೇವೆ, ಆದರೆ ಅದೇ ಮನುಷ್ಯರು ಬಸ್ಸಿನಲ್ಲಿ ಪಕ್ಕಕ್ಕೆ ಕೂತರೆ ಎದ್ದು ಹೋಗುತ್ತೇವೆ ಅಂದರು. ಆ ಮಾತಿನಿಂದ ಶುರುವಾದ ಚರ್ಚೆ ಯಾವ ಸ್ಲೈಡಿನಿಂದಲೂ ಆಗುತ್ತಿರಲಿಲ್ಲ.

ಕಾನೂನಿನ ಭಾಗ ಚಿಕ್ಕದು, ಸಾಕಾಗುವಷ್ಟಿತ್ತು. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಕೇಸು) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಒಬ್ಬರ ಲಿಂಗತ್ವ ಏನು ಅನ್ನುವುದನ್ನು ಅವರೇ ಹೇಳಬೇಕು, ಆಪರೇಷನ್ ಆಗಿದ್ದರೆ ಮಾತ್ರ ಒಪ್ಪುತ್ತೇವೆ ಅನ್ನುವ ಹಾಗಿಲ್ಲ ಅಂತ ಹೇಳಿತು. ಅದೇ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪಿನ ನಂತರ ಒಂದೇ ಲಿಂಗದ ವಯಸ್ಕರು ಒಪ್ಪಿ ಕೂಡುವುದು ಅಪರಾಧ ಅಲ್ಲ. ಹೋಮೋಸೆಕ್ಷುಯಾಲಿಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲೇ. 'ಸರಿ ಮಾಡುತ್ತೇವೆ' ಅಂತ ಚಿಕಿತ್ಸೆ ಕೊಡುವುದನ್ನು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಅಂತ ಹೇಳಿದೆ. ಈ ಕೊನೆಯದು ನಮ್ಮ ಟೆಕ್ನಿಷಿಯನ್‌ಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ, ಬರೆದುಕೊಂಡರು.

ಈಗ ಕೊರತೆಗಳಿಗೆ ಬರುತ್ತೇನೆ. ದುಡ್ಡು ಕೊಟ್ಟು ಪಡೆದ ಸೇವೆ, ಹೇಳಲೇಬೇಕು.

ಮೊದಲನೆಯದು, ಕೈಗೆ ಕೊಟ್ಟ ಪುಸ್ತಿಕೆ. ಬಾಯಲ್ಲಿ ಅಷ್ಟು ಚೆನ್ನಾಗಿ ಮಾತಾಡಿದವರು ಪುಸ್ತಿಕೆಯಲ್ಲಿ ಬೇರೆಯೇ ಕನ್ನಡ ಬರೆದಿದ್ದಾರೆ. ಒಂದೊಂದು ಪದಕ್ಕೂ ಉದ್ದುದ್ದ ಸಂಸ್ಕೃತದ ಸಮಾಸ, ಓದುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ 'ದ್ವಿಲಿಂಗಿ' ಅನ್ನುವುದನ್ನು ಒಂದು ಪುಟದಲ್ಲಿ ಬೈಸೆಕ್ಷುಯಲ್‌ಗೆ, ಅಂದರೆ ಗಂಡು ಹೆಣ್ಣು ಇಬ್ಬರ ಕಡೆಗೂ ಮನಸ್ಸು ಹೋಗುವವರಿಗೆ, ಇನ್ನೊಂದು ಪುಟದಲ್ಲಿ ಇಂಟರ್‌ಸೆಕ್ಸ್‌ಗೆ ಬಳಸಿದ್ದಾರೆ. ನಮಗೆಲ್ಲ ಆ ಪದ ಗೊತ್ತಿರುವುದು ಹೈಸ್ಕೂಲಿನ ವಿಜ್ಞಾನದ ಪುಸ್ತಕದಿಂದ, ಕೇಸರವೂ ಶಲಾಕೆಯೂ ಎರಡೂ ಇರುವ ದಾಸವಾಳದಂಥ ಹೂವಿಗೆ. ಹಾಗಾಗಿ ಬೈಸೆಕ್ಷುಯಲ್ ಅಂದರೆ ಎರಡೂ ಅಂಗ ಇರುವವರು ಅಂತಲೇ ನಮ್ಮ ಲ್ಯಾಬ್ ಹುಡುಗರು ತಿಳಿದುಕೊಂಡರು, ಅದನ್ನು ಬಿಡಿಸಲು ಕೌನ್ಸೆಲರ್ ಮತ್ತೆ ನಿಂತು ಹೇಳಬೇಕಾಯಿತು. ಬೈಸೆಕ್ಷುಯಲ್, ಇಂಟರ್‌ಸೆಕ್ಸ್ ಅಂತ ಕನ್ನಡ ಅಕ್ಷರದಲ್ಲೇ ಬರೆದು ಕೆಳಗೆ ಎರಡು ಸಾಲು ವಿವರಣೆ ಕೊಟ್ಟರೆ ಸಾಕು. ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ ಒತ್ತಾಯದ ಮೇಲೆ 2022ರಲ್ಲಿ ಸರ್ಕಾರವೇ ತಮಿಳು ಪದಗಳ ಪಟ್ಟಿಯನ್ನು ಗೆಜೆಟ್‌ನಲ್ಲಿ ಹಾಕಿತು, ಸಮುದಾಯದವರನ್ನು ಕೇಳಿ ಮಾಡಿದ ಪಟ್ಟಿ ಅದು. ಕನ್ನಡದಲ್ಲೂ ಹಾಗೆ ಎಲ್ಲರೂ ಕೂತು ಒಪ್ಪಿದ ಒಂದು ಪಟ್ಟಿ ನಮ್ಮಂಥವರ ಕೈಗೆ ಸಿಗಬೇಕು. ಇಲ್ಲದಿದ್ದರೆ ಒಂದೊಂದು ಪುಸ್ತಿಕೆ ಒಂದೊಂದು ಹೇಳುತ್ತದೆ, ಕೌಂಟರಿನ ಹುಡುಗಿ ಯಾವುದನ್ನು ನಂಬಬೇಕು?

ಎರಡನೆಯದು, ತಂಡದಲ್ಲಿ ಡಾಕ್ಟರ್ ಇರಲಿಲ್ಲ. ಆಸ್ಪತ್ರೆ, ಲ್ಯಾಬ್‌ಗಳಿಗೆ ಹೋಗುವಾಗ ಇದು ಬೇಕು. ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಗಂಡು ಅಥವಾ ಹೆಣ್ಣು ಒತ್ತಿದರೆ ಅದಕ್ಕೆ ತಕ್ಕ ನಾರ್ಮಲ್ ರೇಂಜ್ ತಾನಾಗಿ ರಿಪೋರ್ಟಿಗೆ ಬರುತ್ತದೆ. ಹಿಮೋಗ್ಲೋಬಿನ್ ಒಂದು ಡೆಸಿಲೀಟರ್ ರಕ್ತಕ್ಕೆ ಗಂಡಸರಲ್ಲಿ 13 ಗ್ರಾಮಿಗಿಂತ, ಬಸುರಿಯಲ್ಲದ ಹೆಂಗಸರಲ್ಲಿ 12 ಗ್ರಾಮಿಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಟ್ರಾನ್ಸ್ ಪುರುಷನ ಹಿಮೋಗ್ಲೋಬಿನ್ ಗಂಡಸರ ಮಟ್ಟಕ್ಕೆ ಏರಿರಬೇಕು. ಆಧಾರ್‌ನಲ್ಲಿ ಹೆಣ್ಣು ಅಂತಿದೆ ಅಂತ ನಾವು ಹೆಣ್ಣು ಒತ್ತಿ, ಅವರಿಗೆ 12.5 ಬಂದರೆ ರಿಪೋರ್ಟ್ ಎಲ್ಲ ಸರಿ ಅನ್ನುತ್ತದೆ. ಅಲ್ಲಿ ಒಂದು ಕಾಯಿಲೆ ತಪ್ಪಿಸಿಕೊಂಡು ಹೋಗಬಹುದು. ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಅಂತ ಹೇಳುವ ಇಜಿಎಫ್‌ಆರ್ ಲೆಕ್ಕಕ್ಕೂ ಇದೇ ಕಥೆ. ಹಾಗಂತ ಎಲ್ಲ ಕಡೆ ಗಂಡು ಅಂತ ಒತ್ತಿದರೆ, ಅದೇ ವ್ಯಕ್ತಿಗೆ ಗರ್ಭಕೋಶದ ಸ್ಕ್ಯಾನಿಂಗ್ ಬರೆದಾಗ ಸಾಫ್ಟ್‌ವೇರ್ ಬಿಲ್ ಮಾಡಲು ಬಿಡುವುದಿಲ್ಲ. ಈ ಪ್ರಶ್ನೆಗೆ ತಂಡದ ಹತ್ತಿರ ಉತ್ತರ ಇರಲಿಲ್ಲ, ನಮ್ಮ ಪೆಥಾಲಜಿಸ್ಟ್ ಮೇಡಂ ಮಧ್ಯಕ್ಕೆ ಬಂದು ಹೇಳಿದರು. ಈಗ ನಾವು ಫಾರ್ಮಿನಲ್ಲಿ ಕರೆಯುವ ಹೆಸರು, ದಾಖಲೆಯ ಹೆಸರು, ಲಿಂಗತ್ವ ಅಂತ ಬೇರೆ ಬೇರೆ ಕೇಳುತ್ತೇವೆ. ಹಾರ್ಮೋನ್ ವಿಷಯವನ್ನು ರಕ್ತ ತೆಗೆಯುವ ರೂಮಿನ ಬಾಗಿಲು ಹಾಕಿಕೊಂಡು, ಆ ಪರೀಕ್ಷೆಗೆ ಬೇಕಿದ್ದರೆ ಮಾತ್ರ, ಯಾಕೆ ಕೇಳುತ್ತಿದ್ದೇವೆ ಅಂತ ಹೇಳಿಯೇ ಕೇಳುತ್ತೇವೆ.

ಇನ್ನೊಂದು ಸಣ್ಣ ದೂರು. ಲೆಸ್ಬಿಯನ್, ಬೈಸೆಕ್ಷುಯಲ್ ಹೆಂಗಸರ ಬಗ್ಗೆ ಮಾತು ಬಹಳ ಕಡಿಮೆಯಾಯಿತು. ಅಟೆಂಡರ್ ಕೈಗೆ ಕೊಡುವ ಫಾರ್ಮಿನಲ್ಲಿ 'ಗಂಡನ ಹೆಸರು' ಅನ್ನುವ ಜಾಗ ನೋಡಿ ಸುಮ್ಮನೆ ಎದ್ದು ಹೋಗುವವರು ಅವರೇ ಇರಬಹುದು, ಅದನ್ನು ಹೇಳಲು ಅವತ್ತು ಯಾರೂ ಇರಲಿಲ್ಲ. ತಂಡದಲ್ಲಿ ಇಂಥ ಹೆಂಗಸರ ಕಡೆಯಿಂದಲೂ ಒಬ್ಬರು ಬೇಕೇ ಬೇಕು.

ಶುಲ್ಕ ನಮ್ಮಂಥ ಸೆಂಟರಿಗೆ ಭಾರ ಅನ್ನಿಸಲಿಲ್ಲ. ಡೇಟ್ ಸಿಗುವುದು ನಿಧಾನ, ಮೂವರೂ ಬೇರೆ ಕೆಲಸ ಮಾಡಿಕೊಂಡು ಇದನ್ನು ಮಾಡುತ್ತಾರೆ, ಭಾನುವಾರ ಕೇಳಿದರೆ ಬೇಗ ಸಿಗುತ್ತದೆ. ತರಬೇತಿ ಮುಗಿದ ಮೇಲೂ ಫೋನಿನಲ್ಲಿ ಸಿಗುತ್ತಾರೆ, ಇದು ದೊಡ್ಡ ವಿಷಯ. ಮೊನ್ನೆ ನೈಟ್ ಡ್ಯೂಟಿಯ ಹುಡುಗನಿಗೆ ಒಂದು ಅನುಮಾನ ಬಂದು ಮೆಸೇಜ್ ಹಾಕಿದ್ದಕ್ಕೆ ಬೆಳಗಾಗುವುದರೊಳಗೆ ಉತ್ತರ ಬಂದಿತ್ತು, ಅದೂ ಬೇಜಾರಿಲ್ಲದ ಉತ್ತರ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಅಂಕ ಪೂರ್ತಿ ಪುಸ್ತಿಕೆಯದ್ದು. ನಮ್ಮ ಧಾರವಾಡದ ಕಲೆಕ್ಷನ್ ಸೆಂಟರಿನವರಿಗೂ ತರಬೇತಿ ಕೊಡಲು ಇದೇ ತಂಡಕ್ಕೆ ಹೇಳಿದ್ದೇವೆ. ಈ ಸಲ ಪುಸ್ತಿಕೆ ಬೇಡ, ಕೌಂಟರಿನ ಒಳಗಡೆ ಅಂಟಿಸುವಂಥ ಒಂದು ಹಾಳೆ ಮಾಡಿಕೊಡಿ, ಮಾತಾಡುವ ಕನ್ನಡದಲ್ಲೇ ಬರೆಯಿರಿ ಅಂತ ಕೇಳಿದ್ದೇವೆ, ಒಪ್ಪಿದ್ದಾರೆ.