ಫೇಸ್‌ಬುಕ್‌ನಿಂದ ಹಳೆಯ ಫೋಟೊ, ಚಾಟ್ ಇಳಿಸಿಕೊಳ್ಳುವ ಸೌಲಭ್ಯ: ಸಿಗುವುದೆಷ್ಟು, ಬಿಟ್ಟುಹೋಗುವುದೆಷ್ಟು

ಗೂಗಲ್‌ನ ಸಾಮಾಜಿಕ ಜಾಲತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಹಳೆಯ ಸ್ಕ್ರ್ಯಾಪ್ (ಗೆಳೆಯರು ಬರೆದ ಸಂದೇಶ), ಫೋಟೊ ಇಳಿಸಿಕೊಳ್ಳಲು ಇನ್ನೆರಡು ವರ್ಷ ಗಡುವು ಸಿಕ್ಕಿತು. ಆಮೇಲೆ ಅದೂ ಮುಗಿಯಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಮೈಸ್ಪೇಸ್ ಅಂತೂ ಮುಚ್ಚದೆಯೇ, ಸರ್ವರ್ ಬದಲಾಯಿಸುವಾಗ 12 ವರ್ಷಗಳ ಹಾಡು, ಫೋಟೊಗಳನ್ನು ಕಳೆದುಹಾಕಿತು. ಹದಿಹರೆಯವನ್ನೆಲ್ಲ ಈ ತಾಣಗಳಲ್ಲೇ ಕಳೆದ ತಲೆಮಾರಿನ ಪಾಲಿಗೆ ಇನ್ನೂ ಉಳಿದಿರುವ ದೊಡ್ಡ ಕಣಜ ಫೇಸ್‌ಬುಕ್ ಒಂದೇ. 2010ರ ಅಕ್ಟೋಬರ್‌ನಿಂದಲೂ ಅಲ್ಲಿ ಸ್ವಂತ ಮಾಹಿತಿಯನ್ನು ಇಳಿಸಿಕೊಳ್ಳುವ ಸೌಲಭ್ಯ ಇದೆ. ಇದು ಉಚಿತ, ಕೆಲಸವನ್ನೂ ಮಾಡುತ್ತದೆ. ಆದರೆ ತಾನಾಗಿ ಆಯ್ಕೆಯಾಗಿರುವುದನ್ನೇ ಒಪ್ಪಿ ಮುಂದೆ ಹೋದರೆ ಕೈಗೆ ಬರುವುದು ಅರೆಬರೆ ಮಾಲು.

ಸೆಟ್ಟಿಂಗ್ಸ್‌ನಿಂದ ಅಕೌಂಟ್ಸ್ ಸೆಂಟರ್‌ಗೆ ಹೋಗಿ, 'ಯುವರ್ ಇನ್ಫರ್ಮೇಶನ್ ಅಂಡ್ ಪರ್ಮಿಶನ್ಸ್' ತೆರೆದರೆ ಎಕ್ಸ್‌ಪೋರ್ಟ್ ಆಯ್ಕೆ ಸಿಗುತ್ತದೆ. ಅಲ್ಲಿ ಮೂರು ಕಡೆ ಕಣ್ಣಿಡಬೇಕು. ಅವಧಿಯನ್ನು 'ಆಲ್ ಟೈಮ್' ಮಾಡಿ. ಇಲ್ಲದಿದ್ದರೆ ಇತ್ತೀಚಿನದಷ್ಟೇ ಬಂದೀತು, ಹಳೆಯದಕ್ಕಾಗಿ ಹೊರಟವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಮೀಡಿಯಾ ಗುಣಮಟ್ಟವನ್ನು 'ಹೈ' ಮಾಡಿ. ಮೂರನೆಯದು ಫಾರ್ಮ್ಯಾಟ್, ಅಂದರೆ ಫೈಲ್‌ನ ಬಗೆ. ಎಚ್‌ಟಿಎಂಎಲ್ ಎಂದರೆ ವೆಬ್ ಪುಟ, ಬ್ರೌಸರ್‌ನಲ್ಲಿ ನೇರವಾಗಿ ಓದಲು ಸಿಗುತ್ತದೆ. ಜೇಸನ್ (JSON) ಪ್ರೋಗ್ರಾಮ್‌ಗಳು ಓದಲೆಂದು ಇರುವ ಪಠ್ಯ ಫೈಲ್, ನಮಗೆ ಓದಲು ಕಷ್ಟ, ಆದರೆ ಸಮಯದ ಮಾಹಿತಿ ಅದರಲ್ಲಿ ಸೆಕೆಂಡಿನವರೆಗೂ ಇರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಕೇಳಿ ಪಡೆಯುವುದೇ ಒಳ್ಳೆಯದು. ಫೈಲ್ ಸಿದ್ಧವಾದಾಗ ಸೂಚನೆ ಬರುತ್ತದೆ. ಅಲ್ಲಿಂದ 4 ದಿನದೊಳಗೆ ಇಳಿಸಿಕೊಳ್ಳದಿದ್ದರೆ ಮತ್ತೆ ಮೊದಲಿನಿಂದ ಕೇಳಬೇಕು.

ದೊಡ್ಡ ಖಾತೆಯಾದರೆ ಹಲವು ಜಿಪ್ ಫೈಲ್ ಬರುತ್ತವೆ. ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಬಿಚ್ಚಬೇಕು. ಬೇರೆ ಬೇರೆ ಕಡೆ ಬಿಚ್ಚಿದರೆ ಪುಟಗಳಿಂದ ಫೋಟೊಗಳಿಗೆ ಹೋಗುವ ಲಿಂಕ್‌ಗಳು ಕಡಿದುಹೋಗುತ್ತವೆ. ವಿಂಡೋಸ್‌ನಲ್ಲಿ ಇನ್ನೊಂದು ಕಿರಿಕಿರಿ: ಫೋಲ್ಡರ್ ಹೆಸರುಗಳು ಉದ್ದ, ಫೋಲ್ಡರ್‌ಗಳೂ ಸೇರಿದ ಫೈಲ್‌ನ ಪೂರ್ತಿ ವಿಳಾಸ 260 ಅಕ್ಷರ ದಾಟಿದರೆ ಫೈಲ್ ಬಿಚ್ಚಿಕೊಳ್ಳದು. ಡೌನ್‌ಲೋಡ್ಸ್ ಒಳಗಿನ ಒಳಗೆ ಇಡದೆ, ನೇರವಾಗಿ ಡ್ರೈವ್‌ನ ಮೇಲೇ ಚಿಕ್ಕ ಹೆಸರಿನ ಫೋಲ್ಡರ್ ಮಾಡಿ ಬಿಚ್ಚಿ.

ಜೇಸನ್ ಫೈಲ್‌ನಲ್ಲಿ ಕನ್ನಡ ಹುಡುಕುವವರಿಗೆ ಕಾದಿರುವುದು ದೊಡ್ಡ ನಿರಾಸೆ. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಗೆ 3 ಬೈಟ್ ಬೇಕು. ಫೇಸ್‌ಬುಕ್ ಆ ಒಂದೊಂದು ಬೈಟನ್ನೂ ಬೇರೆಯೇ ಅಕ್ಷರವೆಂದು ಬರೆದಿಡುತ್ತದೆ, ಹಾಗಾಗಿ ಕಾಣುವುದು ಬರೀ ಕೋಡ್‌ಗಳ ಸಾಲು. ಬರಹ ಹಾಳಾಗಿಲ್ಲ. ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಫೈಲನ್ನು ಮೊದಲು ಜೇಸನ್ ಆಗಿ ಓದಿ, ಆಮೇಲೆ ಪ್ರತಿ ಪಠ್ಯವನ್ನೂ ಅಕ್ಷರಕ್ಕೊಂದೇ ಬೈಟ್ ಬಳಸುವ ಲ್ಯಾಟಿನ್-1ಕ್ಕೆ ಎನ್‌ಕೋಡ್ ಮಾಡಿ, ಯುಟಿಎಫ್-8 ಎಂದು ಡಿಕೋಡ್ ಮಾಡಿದರೆ ಕನ್ನಡವೂ ಎಮೋಜಿಯೂ ಮರಳುತ್ತವೆ. ಕ್ರಮ ತಪ್ಪಿದರೆ ಕನ್ನಡ ಮರಳದು. ಇಷ್ಟು ವರ್ಷವಾದರೂ ಇಂಥದ್ದನ್ನು ಬಳಕೆದಾರರ ತಲೆಗೇ ಕಟ್ಟಿರುವುದು ಸೋಮಾರಿತನವಲ್ಲದೆ ಮತ್ತೇನೂ ಅಲ್ಲ.

ಫೋಟೊಗಳ ಕಥೆ ಬೇರೆ. ಅಪ್‌ಲೋಡ್ ಮಾಡಿದಾಗಲೇ ಫೇಸ್‌ಬುಕ್ ಅವನ್ನು ಕುಗ್ಗಿಸಿ, ಕ್ಯಾಮೆರಾ ಬರೆದ ಎಕ್ಸಿಫ್ ಮಾಹಿತಿಯನ್ನು (ತೆಗೆದ ದಿನ, ಸಮಯ ಮುಂತಾದವು) ತೆಗೆದಿರುತ್ತದೆ. 'ಹೈ' ಆರಿಸಿದರೂ ಮೂಲ ಫೋಟೊ ಬಾರದು. ಗ್ಯಾಲರಿಗೆ ಹಾಕಿದರೆ ಎಲ್ಲವೂ ಡೌನ್‌ಲೋಡ್ ಮಾಡಿದ ದಿನದಲ್ಲೇ ಗುಡ್ಡೆಯಾಗುತ್ತವೆ. ಜೇಸನ್‌ನಲ್ಲಿರುವ ಸಮಯವನ್ನು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಬಳಸಿ ಫೋಟೊಗೆ ಮತ್ತೆ ಬರೆಯಬಹುದು. ಸಮಯವನ್ನು ಅಲ್ಲಿ 1970ರ ಜನವರಿ 1ರಿಂದ ಎಣಿಸಿದ ಒಂದೇ ಸಂಖ್ಯೆಯಾಗಿ ಬರೆದಿರುತ್ತದೆ: ಪೋಸ್ಟ್‌ಗಳಲ್ಲಿ ಸೆಕೆಂಡಿನಲ್ಲಿ, ಮೆಸೇಜ್‌ಗಳಲ್ಲಿ ಮಿಲಿಸೆಕೆಂಡಿನಲ್ಲಿ. ಮೆಸೇಜ್‌ನ ಸಂಖ್ಯೆಯನ್ನು 1000ದಿಂದ ಭಾಗಿಸದಿದ್ದರೆ ಚಾಟ್‌ಗಳೆಲ್ಲ ಹತ್ತಾರು ಸಾವಿರ ವರ್ಷ ಮುಂದಿನ ತಾರೀಖು ತೋರಿಸುತ್ತವೆ.

ಇನ್ನು ಬಿಟ್ಟುಹೋಗುವುದರ ವಿಷಯ. ನೀವು ಬೇರೆಯವರಿಗೆ ಬರೆದ ಕಾಮೆಂಟ್ ಬರುತ್ತದೆ, ಅದು ಯಾವ ಮಾತಿಗೆ ಉತ್ತರವೋ ಆ ಪೋಸ್ಟ್ ಬರುವುದಿಲ್ಲ. ನಿಮ್ಮ ಪೋಸ್ಟ್‌ನಡಿ ಗೆಳೆಯರು ಬರೆದದ್ದೂ ಬಹುಪಾಲು ಇರದು. ಅವರು ಹಾಕಿ ನಿಮ್ಮನ್ನು ಟ್ಯಾಗ್ ಮಾಡಿದ ಫೋಟೊಗಳೂ ಇಲ್ಲ. ಅವನ್ನು ತಾಣದಲ್ಲೇ ತೆರೆದು ಒಂದೊಂದಾಗಿ ಉಳಿಸಿಕೊಳ್ಳಬೇಕು. ನಿಮ್ಮ ಮಾಹಿತಿ ಮುಟ್ಟಿದ ಜಾಹೀರಾತುದಾರರ ಪಟ್ಟಿ ಮಾತ್ರ ತಪ್ಪದೆ ಬರುತ್ತದೆ! ಮೆಸೆಂಜರ್ 2023ರ ಡಿಸೆಂಬರ್‌ನಿಂದ ಖಾಸಗಿ ಚಾಟ್‌ಗಳನ್ನು ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್‌ಗೆ (ಕಳಿಸಿದವರು, ಪಡೆದವರು ಮಾತ್ರ ಓದಬಲ್ಲ ಗುಪ್ತಲಿಪಿಗೆ) ಬದಲಾಯಿಸತೊಡಗಿತು. ಹಾಗೆ ಬದಲಾದವು ಈ ಜಿಪ್‌ನಲ್ಲಿ ಸೇರುವುದಿಲ್ಲ. ಮೆಸೆಂಜರ್‌ನ ಸೆಟ್ಟಿಂಗ್‌ನಲ್ಲಿ ಮೆಸೇಜ್ ಸ್ಟೋರೇಜ್ ಹುಡುಕಿ ಬೇರೆಯಾಗಿ ಇಳಿಸಿಕೊಳ್ಳಬೇಕು. ಬಹುತೇಕರು ಎಡವುವುದು ಇಲ್ಲೇ.

ಬಂದ ಜಿಪ್‌ಗೆ ಪಾಸ್‌ವರ್ಡ್ ಇರುವುದಿಲ್ಲ. ಒಳಗೆ ಖಾಸಗಿ ಮಾತುಗಳು, ಹುಡುಕಾಟಗಳು, ಲಾಗಿನ್ ಆದ ಐಪಿ ವಿಳಾಸಗಳೆಲ್ಲ ಇವೆ. ಸೆವೆನ್-ಜಿಪ್ (7-Zip) ತಂತ್ರಾಂಶದಲ್ಲಿ ಪಾಸ್‌ವರ್ಡ್ ಹಾಕಿ ಮತ್ತೆ ಕಟ್ಟಿ, ಎರಡು ಕಡೆ ಇಡಿ.

ಖಾತೆಯನ್ನೇ ಅಳಿಸುವ ಯೋಚನೆಯಿದ್ದರೆ ಮೊದಲು ಎಲ್ಲ ಜಿಪ್‌ಗಳನ್ನೂ ಬಿಚ್ಚಿ, 2-3 ಹಳೆಯ ಆಲ್ಬಮ್ ತೆರೆದು ಪರೀಕ್ಷಿಸಿ. ಅಳಿಸಲು ಕೇಳಿದ ಮೇಲೆ 30 ದಿನದೊಳಗೆ ಲಾಗಿನ್ ಮಾಡಿದರೆ ರದ್ದು ಮಾಡಬಹುದು, ಆಮೇಲೆ ಆಗುವುದಿಲ್ಲ.