ಮಾಂಟೆನೆಗ್ರೊ ಅಮಾರೊ, ಗೋವಾ ಜಿನ್, ಇಂಡಿ ಲಿಂಬೆಹಣ್ಣು

ಅಮಾರೊ ಮಾಂಟೆನೆಗ್ರೊ ಒಳ್ಳೆಯ ಬಾಟಲಿ. ಆದರೆ ಹಾಗೇ ಕುಡಿಯುವುದಕ್ಕಲ್ಲ, ಕನಿಷ್ಠ ನನಗಂತೂ ಅಲ್ಲ. ಜಿನ್ ಮತ್ತು ಲಿಂಬೆರಸದ ಜೊತೆ ಸೇರಿದಾಗಲೇ ಅದರ ರುಚಿ ಬಿಚ್ಚಿಕೊಳ್ಳುವುದು. ಹುಬ್ಬಳ್ಳಿಯಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಸಿಗಲಿಲ್ಲ. ವಿದೇಶದಿಂದ ಬರುವಾಗ ನಮ್ಮ ಭಾವ ಡ್ಯೂಟಿ ಫ್ರೀಯಲ್ಲಿ ತಂದುಕೊಟ್ಟರು.

ಅಮಾರೊ ಅಂದರೆ ಗಿಡಮೂಲಿಕೆ, ಬೇರು, ಹಣ್ಣಿನ ಸಿಪ್ಪೆಗಳ ಸಾರಕ್ಕೆ ಸಕ್ಕರೆ ಸೇರಿಸಿ ಮಾಡುವ ಇಟಲಿಯ ಕಹಿ ಮದ್ಯ. ಅಲ್ಲಿ ಊಟ ಆದಮೇಲೆ ಜೀರ್ಣಕ್ಕೆ ಅಂತ ಸ್ವಲ್ಪ ಕುಡಿಯುತ್ತಾರೆ. ಮಾಂಟೆನೆಗ್ರೊ 1885ರಿಂದ ಇರುವ ಬೊಲೊನ್ಯಾ ಊರಿನ ಬ್ರ್ಯಾಂಡ್. 40 ಬಗೆಯ ಮೂಲಿಕೆಗಳು, 23% ಆಲ್ಕೋಹಾಲ್. ಕಹಿ ಅಂದ ಕೂಡಲೇ ಅಮೃತಬಳ್ಳಿ ಕಷಾಯ ನೆನೆದು ಮುಖ ಕಿವುಚಬೇಡಿ. ಮೊದಲು ಸಿಹಿ, ಆಮೇಲೆ ಕಿತ್ತಳೆ ಸಿಪ್ಪೆಯ ವಾಸನೆ, ಕಹಿ ಬರುವುದು ನುಂಗಿದ ಮೇಲೆ. ಆ ಸಿಹಿಯೇ ನನಗೆ ಜಾಸ್ತಿ ಅನ್ನಿಸುವುದು.

ಅದನ್ನು ಮುರಿಯಲು ಲಿಂಬೆ ಬೇಕು. ಇಲ್ಲೇ ಇರುವುದು ನೋಡಿ ವಿಷಯ. ಹೊರದೇಶದ ರೆಸಿಪಿಗಳಲ್ಲಿ ಹೇಳುವ ಲೆಮನ್ ದಪ್ಪ ಸಿಪ್ಪೆಯ ದೊಡ್ಡ ಹಳದಿ ಹಣ್ಣು. ನಮ್ಮ ಹುಬ್ಬಳ್ಳಿಯ ದುರ್ಗದ ಬೈಲ್ ಮಾರುಕಟ್ಟೆಯಲ್ಲಿ ಸಿಗುವುದು ವಿಜಯಪುರದ ಇಂಡಿ ಕಡೆಯಂಥ ಸಣ್ಣ ಲಿಂಬೆ, ಹುಳಿ ಚುರುಕು. ರೆಸಿಪಿಯಲ್ಲಿ ಇದ್ದಷ್ಟೇ ರಸ ಹಿಂಡಿದರೆ ಅಮಾರೊ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ. ನನಗೆ ಕೂಡಿಬಂದ ಲೆಕ್ಕ ಇದು: ಜಿನ್ 45 ಮಿಲಿ, ಅಮಾರೊ 20, ಲಿಂಬೆರಸ 15. ಬೇರೆ ಸಕ್ಕರೆ ಬೇಡವೇ ಬೇಡ. ಅಳೆಯಲು ಕೆಮ್ಮಿನ ಸಿರಪ್ಪಿನ ಮುಚ್ಚಳ ಸಾಕು, ಅದರ ಮೇಲೆ 5, 10 ಅಂತ ಗೆರೆ ಇರುತ್ತದಲ್ವಾ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಈ ಮೂರನ್ನೂ ಹಾಕಿ ಐಸ್ ತುಂಬಿ, ಡಬ್ಬಿಯ ಹೊರಗೆ ಮಂಜು ಕಟ್ಟುವ ತನಕ ಜೋರಾಗಿ ಅಲ್ಲಾಡಿಸಿ, ಚಹಾ ಸೋಸುವ ಜರಡಿಯಲ್ಲಿ ಸೋಸಿದರೆ ಆಯಿತು. ಶೇಕರ್ ಕೊಳ್ಳುವ ದುಡ್ಡಿಗೆ ಐಸ್ ತನ್ನಿ. ಐಸ್ ಕಡಿಮೆಯಾದರೆ ಬೇಗ ಕರಗಿ ಎಲ್ಲ ನೀರುನೀರು.

ಕೊನೆಗೆ ಕಿತ್ತಳೆ ಸಿಪ್ಪೆ. ಚಿಕ್ಕವರಿದ್ದಾಗ ಒಬ್ಬರ ಕಣ್ಣಿಗೆ ಒಬ್ಬರು ಚಿಮ್ಮಿಸುತ್ತಿದ್ದೆವಲ್ಲ, ಅದೇ ಎಣ್ಣೆ. ಚಳಿಗಾಲದ ನಾಗಪುರ ಕಿತ್ತಳೆಯ ಸಿಪ್ಪೆಯ ತುಂಡನ್ನು ಗ್ಲಾಸಿನ ಮೇಲೆ ಮಡಚಿ ಹಿಂಡಿ. ಮೂಗಿಗೆ ಮೊದಲು ಅದೇ ತಾಗುತ್ತದೆ, ಅಮಾರೊದೊಳಗಿನ ಕಿತ್ತಳೆಯೂ ಎದ್ದು ಬರುತ್ತದೆ. ಲಿಂಬೆ ಸಿಪ್ಪೆ ಅಷ್ಟು ಕೆಲಸ ಮಾಡುವುದಿಲ್ಲ.

ಜಿನ್ ಯಾವುದು? ಗೋವಾದ ಸ್ಟ್ರೇಂಜರ್ ಅಂಡ್ ಸನ್ಸ್ ನನಗೆ ಹಿಡಿಸಿತು. ಅದರಲ್ಲಿ ಮೆಣಸು, ಜಾಯಿಕಾಯಿ, ನಮ್ಮ ದೇಶದ ನಿಂಬೆಜಾತಿಯ ಸಿಪ್ಪೆಗಳು ಇರುವುದರಿಂದ ಅಮಾರೊಗೆ ಹೊಂದುತ್ತದೆ. ಗ್ರೇಟರ್ ದ್ಯಾನ್ ಕೂಡ ನಡೆಯುತ್ತದೆ, ಜಿನ್‌ಗೆ ಅದರ ಮುಖ್ಯ ವಾಸನೆ ಕೊಡುವ ಜುನಿಪರ್ ಕಾಯಿ ಅದರಲ್ಲಿ ಮುಂದೆ ನಿಲ್ಲುತ್ತದೆ ಅಷ್ಟೇ. ಮಾಂಟೆನೆಗ್ರೊ ಸಿಗದವರು ಇಟಲಿಯದೇ ಇನ್ನೊಂದು ಕಹಿ ಮದ್ಯ ಕ್ಯಾಂಪಾರಿ ಹಾಕಬಹುದು. ಅದು ಇನ್ನೂ ಕಹಿ, ಆಗ ಸ್ವಲ್ಪ ಸಕ್ಕರೆ ಪಾಕ ಬೇಕಾಗುತ್ತದೆ. ಫರ್ನೆಟ್ ಬ್ರಾಂಕಾ ಅನ್ನುವ ಅಮಾರೊ ಮಾತ್ರ ಬೇಡ. 39% ಆಲ್ಕೋಹಾಲ್, ಮೇಲೆ ಪುದೀನಾ ಮತ್ತು ಔಷಧಿಯ ವಾಸನೆ, ಲಿಂಬೆಯನ್ನು ಪೂರ್ತಿ ನುಂಗಿಬಿಡುತ್ತದೆ.

ಒಂದು ಎಚ್ಚರಿಕೆ. ಕುಡಿಯಲು ಪಾನಕದ ಹಾಗೆ ಇಳಿಯುತ್ತದೆ, ಆದರೆ 42.8%ರ ಜಿನ್ ಮತ್ತು ಅಮಾರೊ ಕೂಡಿಸಿದರೆ ಒಂದು ಗ್ಲಾಸ್ ಹೆಚ್ಚುಕಡಿಮೆ 60 ಮಿಲಿ ಪೆಗ್ಗಿಗೆ ಸಮ. ಆಮೇಲೆ ಗಾಡಿ ಮುಟ್ಟಬೇಡಿ. ಜೊತೆಗೆ ಗಿರ್ಮಿಟ್ ತರಿಸುವ ಆಸೆ ಬರುತ್ತದೆ, ಬೇಡ ಮಾರಾಯ್ರೇ. ಹಸಿ ಈರುಳ್ಳಿಯ ಮುಂದೆ ಕಿತ್ತಳೆ ವಾಸನೆ ನಿಲ್ಲುವುದಿಲ್ಲ. ಹುರಿದ ಶೇಂಗಾ ಚೆನ್ನಾಗಿರುತ್ತದೆ. ಬೇಸಿಗೆಯಲ್ಲಾದರೆ ಇದಕ್ಕೇ ತಣ್ಣನೆಯ ಸೋಡಾ ಸೇರಿಸಿ ಉದ್ದ ಗ್ಲಾಸಿನಲ್ಲಿ ಮಾಡಿಕೊಳ್ಳಿ, ಆಗ ಲಿಂಬೆರಸ ಐದು ಮಿಲಿ ಜಾಸ್ತಿ ಹಾಕಬಹುದು.