ಬ್ಯಾನರ್ ಹಾಕಿದ್ರೆ ಮುಗೀತಾ? ಕುಕಿ ಒಪ್ಪಿಗೆ ಸೇವೆಯನ್ನು ಮೂರು ವರ್ಷ ಬಳಸಿದ ಮೇಲೆ

ಹೊಲಿಗೆ ಪ್ಯಾಟರ್ನ್‌ಗಳನ್ನು ಪಿಡಿಎಫ್ ಮಾಡಿ ಮಾರುವ ಸಣ್ಣ ವೆಬ್‌ಸೈಟ್ ನನ್ನದು. ಕೊಳ್ಳುವವರಲ್ಲಿ ಅರ್ಧ ಜನ ಯುರೋಪಿನವರು. ಹಾಗಾಗಿ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ನನ್ನನ್ನೂ ಬಿಡಲಿಲ್ಲ. ತಿಂಗಳ ಚಂದಾ ಕಟ್ಟಿ ಒಂದು ಕುಕಿ ಒಪ್ಪಿಗೆ ಸೇವೆ ತೆಗೆದುಕೊಂಡೆ. ಕುಕಿ ಅಂದರೆ ಸೈಟು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಗುರುತು. ಅದನ್ನು ಇಡಲೇ ಅಂತ ಬಂದವರನ್ನು ಬ್ಯಾನರ್ ಹಾಕಿ ಕೇಳುವುದು ಈ ಸೇವೆಯ ಕೆಲಸ. ಹೆಸರು ಹೇಳುವುದಿಲ್ಲ. ನಡುವೆ ಬೇರೆ ಎರಡನ್ನು ಟ್ರಯಲ್ ಹಾಕಿ ನೋಡಿದಾಗಲೂ ಹೆಚ್ಚುಕಮ್ಮಿ ಇದೇ ಕಥೆ ಇತ್ತು.

ಮೊದಲ ದಿನ ಖುಷಿಯೋ ಖುಷಿ. ಒಂದು ಸಾಲು ಕೋಡ್ ಅಂಟಿಸಿದೆ, ಹತ್ತು ನಿಮಿಷದಲ್ಲಿ ಬ್ಯಾನರ್ ಬಂತು. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಟಿಕ್, ಪಕ್ಕದಲ್ಲಿ 'ನಿಮ್ಮ ಸೈಟ್ ನಿಯಮಕ್ಕೆ ತಕ್ಕಂತಿದೆ' ಅನ್ನುವ ಸಾಲು. ಅದನ್ನು ನಂಬಿ ಎಂಟು ತಿಂಗಳು ಹಾಯಾಗಿದ್ದೆ.

ಆಮೇಲೆ ಒಬ್ಬ ಗ್ರಾಹಕರಿಂದ ಮೇಲ್ ಬಂತು. 'ಬೇಡ ಅಂತ ಒತ್ತಿದರೂ ನಿಮ್ಮ ಸೈಟ್ ನನ್ನನ್ನು ಟ್ರ್ಯಾಕ್ ಮಾಡುತ್ತಿದೆ' ಅಂತ, ಸ್ಕ್ರೀನ್‌ಶಾಟ್ ಸಮೇತ. ನಾನು ನಂಬಲಿಲ್ಲ. ಪ್ರೈವೇಟ್ ವಿಂಡೋ ತೆರೆದೆ, ಸೈಟಿನ ಒಳಗುಟ್ಟು ತೋರಿಸುವ ಎಫ್12 ಕೀ ಒತ್ತಿದೆ, ಅಪ್ಲಿಕೇಶನ್ ಟ್ಯಾಬಿನಲ್ಲಿ ಕುಕಿಗಳ ಪಟ್ಟಿ ನೋಡಿದೆ. ಬ್ಯಾನರ್ ಇನ್ನೂ ಕಣ್ಣೆದುರಿಗೇ ಇದೆ, ನಾನು ಏನನ್ನೂ ಮುಟ್ಟಿಲ್ಲ. ಅಷ್ಟರಲ್ಲೇ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ದೊಂದು, ಜಾಹೀರಾತಿಗೆ ಬಳಸುವ ಫೇಸ್‌ಬುಕ್ ಪಿಕ್ಸೆಲ್‌ದೊಂದು ಕುಕಿ ಬಂದು ಕೂತಿದ್ದವು!

ಕಾರಣ ಸಿಂಪಲ್. ಹಿಂದೆ ಸೈಟ್ ಕಟ್ಟಿಕೊಟ್ಟವರು ಆ ಎರಡು ಕೋಡನ್ನೂ ನೇರ ಥೀಮಿನ ಹೆಡರ್‌ನಲ್ಲೇ, ಅಂದರೆ ಪುಟ ತೆರೆದ ಕೂಡಲೇ ಓಡುವ ಜಾಗದಲ್ಲೇ ಹಾಕಿದ್ದರು. ನಾನು ಒಪ್ಪಿಗೆಯ ಸ್ಕ್ರಿಪ್ಟನ್ನು ಅವುಗಳ ಕೆಳಗೆ ಅಂಟಿಸಿದ್ದೆ. ತನಗಿಂತ ಮೊದಲೇ ಓಡಿಹೋದದ್ದನ್ನು ಅದು ತಡೆಯುವುದು ಹೇಗೆ? ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಸೇವೆಯ ಸ್ಕ್ಯಾನರ್ ಆ ಎರಡನ್ನೂ ಕಂಡುಹಿಡಿದು, ಜಾಹೀರಾತು, ಅಂಕಿಅಂಶ ಅಂತ ನೀಟಾಗಿ ಪಟ್ಟಿ ಮಾಡಿಟ್ಟಿತ್ತು. ಪಟ್ಟಿಯಲ್ಲಿವೆ ಅಂದಮೇಲೆ ತಡೆದಿರುತ್ತದೆ ಅಂದುಕೊಂಡೆ. ಪಟ್ಟಿ ಮಾಡೋದೇ ಬೇರೆ, ತಡೆಯೋದೇ ಬೇರೆ. ಇದನ್ನು ಅವರ ಸಹಾಯ ಪುಟದಲ್ಲಿ ಎಲ್ಲೋ ಕೆಳಗೆ ಸಣ್ಣಕ್ಷರದಲ್ಲಿ ಹೇಳಿದ್ದಾರೆ.

ಇದು ಸಣ್ಣ ವಿಷಯ ಅಲ್ಲ. ಯುರೋಪಿನ ನಿಯಮದಲ್ಲಿ ಒಪ್ಪಿಗೆ ಮೊದಲು, ಕುಕಿ ಆಮೇಲೆ. ಕಾರ್ಟ್, ಲಾಗಿನ್ ಥರ ಇಲ್ಲದಿದ್ದರೆ ಸೈಟೇ ನಡೆಯದು ಅನ್ನುವಂಥವಕ್ಕೆ ಮಾತ್ರ ವಿನಾಯಿತಿ. ಎಷ್ಟೋ ಜನ ಜಿಡಿಪಿಆರ್ ಒಂದನ್ನೇ ಹೆಸರಿಸುತ್ತಾರೆ. ಕುಕಿ ಇಡಲು ಒಪ್ಪಿಗೆ ಬೇಕು ಅನ್ನುವುದು ಬಂದಿರುವುದು 2002ರ ಇ-ಪ್ರೈವಸಿ ನಿರ್ದೇಶನಕ್ಕೆ 2009ರಲ್ಲಿ ಮಾಡಿದ ತಿದ್ದುಪಡಿಯಿಂದ. ಒಪ್ಪಿಗೆ ಹೇಗಿರಬೇಕು ಅನ್ನುವುದನ್ನು 2018ರ ಮೇ 25ರಿಂದ ಜಿಡಿಪಿಆರ್ ಹೇಳುತ್ತಿದೆ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯೇ ಅಲ್ಲ ಅಂತ 2019ರ ಅಕ್ಟೋಬರಿನಲ್ಲಿ ಯುರೋಪಿನ ಕೋರ್ಟು ಪ್ಲಾನೆಟ್49 ಕೇಸಿನಲ್ಲಿ ಹೇಳಿಬಿಟ್ಟಿತು.

ಇಷ್ಟಾದರೂ ಈ ಸೇವೆಯ ಸಿದ್ಧ ವಿನ್ಯಾಸ ನೋಡಬೇಕು ನೀವು. 'ಎಲ್ಲ ಒಪ್ಪುತ್ತೇನೆ' ಅನ್ನುವುದು ದೊಡ್ಡ ನೀಲಿ ಬಟನ್. 'ಬೇಡ' ಅನ್ನುವುದು 'ಸೆಟ್ಟಿಂಗ್ಸ್' ಒತ್ತಿದ ಮೇಲೆ ಎರಡನೇ ಪರದೆಯಲ್ಲಿ. ಒಂದೇ ಕ್ಲಿಕ್ಕಿನಲ್ಲಿ ಒಪ್ಪಿಸಿ, ಬೇಡ ಅನ್ನಲು ಹಲವು ಕ್ಲಿಕ್ ಮಾಡಿಸಿದ್ದಕ್ಕೇ ಫ್ರಾನ್ಸಿನ ಮಾಹಿತಿ ರಕ್ಷಣಾ ಪ್ರಾಧಿಕಾರ ಸಿಎನ್‌ಐಎಲ್ 2021ರ ಕೊನೆಯಲ್ಲಿ ಗೂಗಲ್‌ಗೆ 150 ಮಿಲಿಯನ್, ಫೇಸ್‌ಬುಕ್‌ಗೆ 60 ಮಿಲಿಯನ್ ಯೂರೋ ದಂಡ ಹಾಕಿತು. ಎರಡೂ ಬಟನ್ ಒಂದೇ ಗಾತ್ರದಲ್ಲಿ, ಅಕ್ಕಪಕ್ಕದಲ್ಲಿ ಬರುವ ವಿನ್ಯಾಸವೂ ಇವರಲ್ಲಿದೆ, ನಾವೇ ಹುಡುಕಿ ಆರಿಸಬೇಕು ಅಷ್ಟೇ. ನಾನು ಬದಲಾಯಿಸಿದ ವಾರವೇ ಅನಲಿಟಿಕ್ಸ್ ಅಂಕಿ ಧೊಪ್ ಅಂತ ಬಿತ್ತು, ಬೇಡ ಅಂದವರು ಎಣಿಕೆಗೆ ಸಿಗುವುದಿಲ್ಲವಲ್ಲ. ಮಾರಾಟ ಇದ್ದಷ್ಟೇ ಇತ್ತು ಅನ್ನಿ.

ನಗು ತರಿಸಿದ್ದು ಕನ್ನಡ ಅನುವಾದ. ನನ್ನ ಸೈಟಿಗೆ ಕನ್ನಡ ಆವೃತ್ತಿಯೂ ಇದೆ. ಸೇವೆಯವರು ಕೊಟ್ಟ ಕನ್ನಡ ಬ್ಯಾನರಿನಲ್ಲಿ 'ಡಿಕ್ಲೈನ್' ಬಟನ್ 'ಕುಸಿತ' ಆಗಿತ್ತು. ಒಪ್ಪಿಗೆ ಇಲ್ಲದವರು 'ಕುಸಿತ' ಒತ್ತಬೇಕು! ಕೂತು ಎಲ್ಲ ಸಾಲನ್ನೂ ನಾನೇ ಬರೆದೆ. 'ಒಪ್ಪಿದೆ', 'ಬೇಡ', 'ನಾನೇ ಆರಿಸುತ್ತೇನೆ'. ಸುಮ್ನೆ ಮೂರು ಮಾತು, ಸಾಕಲ್ವಾ.

ಆಪಲ್‌ನ ಬ್ರೌಸರ್ ಸಫಾರಿಯ ಕಾಟ ಇನ್ನೊಂದು. ಪುಟದ ಸ್ಕ್ರಿಪ್ಟ್ ಇಟ್ಟ ಕುಕಿಯನ್ನು ಸಫಾರಿ ಏಳು ದಿನಕ್ಕಿಂತ ಜಾಸ್ತಿ ಉಳಿಸುವುದಿಲ್ಲ. 'ಬೇಡ' ಅಂದದ್ದನ್ನು ನೆನಪಿಡುವುದೂ ಅಂಥದೇ ಒಂದು ಕುಕಿ. ಹತ್ತು ದಿನ ಬಿಟ್ಟು ಬಂದವರಿಗೆ ಮತ್ತೆ ಅದೇ ಬ್ಯಾನರ್. 'ಎಷ್ಟು ಸಲ ಬೇಡ ಅನ್ನಬೇಕು ನಿಮಗೆ?' ಅಂತ ಒಬ್ಬರು ಬೈದು ಬರೆದಿದ್ದರು. ಸಪೋರ್ಟಿನವರಿಗೆ ಕೇಳಿದರೆ 'ಅದು ಬ್ರೌಸರ್ ಸಮಸ್ಯೆ' ಅಂದರು. ಕೊನೆಗೆ ಆ ಕುಕಿಯನ್ನು ನಮ್ಮ ಸರ್ವರಿನಿಂದಲೇ ಇಡುವ ಹಾಗೆ ಮಾಡಿಸಿದೆ, ಸರಿಹೋಯಿತು.

ಬೆಲೆ ಪುಟವೀಕ್ಷಣೆಯ ಲೆಕ್ಕದಲ್ಲಿ. ಮನುಷ್ಯರಲ್ಲದ ಬಾಟ್‌ ಪ್ರೋಗ್ರಾಂಗಳು ಬಂದು ಹೋದರೂ ಎಣಿಕೆಗೆ ಸೇರುತ್ತವೆ. ಒಂದು ತಿಂಗಳು ಹೇಳದೆ ಕೇಳದೆ ಮೇಲಿನ ಪ್ಲಾನಿಗೆ ಏರಿಸಿದ್ದರು. ದುಡ್ಡು ವಾಪಸ್ ಬಂತು, ಮೂರು ಮೇಲ್ ಆದಮೇಲೆ.

ಇಷ್ಟೆಲ್ಲ ಬೈದೂ ಈ ಸೇವೆಯನ್ನು ಯಾಕೆ ಇಟ್ಟುಕೊಂಡಿದ್ದೇನೆ ಅಂದರೆ ಲಾಗ್‌ಗೋಸ್ಕರ, ಅಂದರೆ ಒಪ್ಪಿಗೆಯ ದಾಖಲೆಗೋಸ್ಕರ. ಒಪ್ಪಿಗೆ ಸಿಕ್ಕಿದೆ ಅಂತ ತೋರಿಸುವ ಹೊಣೆ ಸೈಟಿನವರದೇ ಅಂತ ಜಿಡಿಪಿಆರ್ 7ನೇ ವಿಧಿ ಹೇಳುತ್ತದೆ. ಯಾವ ದಿನ, ಯಾವ ಬ್ಯಾನರ್ ಪಠ್ಯ ನೋಡಿ, ಯಾವುದಕ್ಕೆ ಹೂಂ ಅಂದರು, ಎಲ್ಲ ಇಲ್ಲಿ ಸಾಲು ಸಾಲಾಗಿ ಸಿಗುತ್ತದೆ. ಇದನ್ನು ನಾನೇ ಬರೆಸಿಕೊಳ್ಳಲು ಹೋದರೆ ಕೆಲಸ ಕೆಡುತ್ತಿತ್ತು. ಒಪ್ಪಿಗೆ ವಾಪಸ್ ತೆಗೆದುಕೊಳ್ಳುವ ಪುಟ್ಟ ಬಟನ್ ಪ್ರತಿ ಪುಟದ ಮೂಲೆಯಲ್ಲೂ ಇರುತ್ತದೆ, ಅದೂ ಚೆನ್ನಾಗಿದೆ. 2024ರ ಮಾರ್ಚಿನಲ್ಲಿ ಯುರೋಪಿನ ಜಾಹೀರಾತಿಗೆ ಗೂಗಲ್, ಒಪ್ಪಿಗೆ ಇದೆಯೋ ಇಲ್ಲವೋ ಅಂತ ತನಗೆ ತಿಳಿಸುವ ಹೊಸ ಕನ್ಸೆಂಟ್ ಮೋಡ್ ಕಡ್ಡಾಯ ಮಾಡಿದಾಗಲೂ ಇವರ ಅಪ್‌ಡೇಟ್ ಮೊದಲೇ ಬಂದಿತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹಸಿರು ಟಿಕ್ ತೆಗೆದುಹಾಕಿದರೆ ನಾಲ್ಕು. ತಿಂಗಳ ಮೊದಲ ಸೋಮವಾರ ಪ್ರೈವೇಟ್ ವಿಂಡೋದಲ್ಲಿ 'ಬೇಡ' ಒತ್ತಿ ಎಫ್12 ನೋಡುವುದನ್ನು ಈಗಲೂ ಬಿಟ್ಟಿಲ್ಲ. ಹೋದ ಸಲ ಒಂದು ಕುಕಿ ಸಿಕ್ಕಿತು. ಹೊಸ ಪುಟಕ್ಕೆ ಹಾಕಿದ್ದ ವಿಡಿಯೋದಿಂದ ಬಂದದ್ದು. ಅದರ ಜಾಗದಲ್ಲಿ ಈಗ ಬರೀ ಚಿತ್ರ ಇದೆ, ಒತ್ತಿದರೆ ಮಾತ್ರ ವಿಡಿಯೋ ಬರುತ್ತದೆ.